ಸೋರುವ ಜಾಗ ಜುಲೈಯಲ್ಲಿ ಗುರುತು ಮಾಡಿ, ರಿಪೇರಿ ಜನವರಿಯಲ್ಲಿ ಮಾಡಿಸಿ

ನಮ್ಮ ಕರಾವಳಿ ಕಡೆ ಮನೆ ರಿಪೇರಿ ಅಂದರೆ ಮೇ ತಿಂಗಳ ಕೆಲಸ. ಶಾಲೆಗೆ ರಜೆ, ಬೆಂಗಳೂರು ಮುಂಬೈಯಲ್ಲಿ ಇರುವವರು ಊರಿಗೆ ಬಂದಿರುತ್ತಾರೆ, ಮಳೆಗೆ ಇನ್ನು ಸ್ವಲ್ಪವೇ ದಿನ. ಆಗ ಎಲ್ಲರಿಗೂ ಒಟ್ಟಿಗೇ ಮಾಡಿನ, ಅಂದರೆ ಮನೆಯ ಸೂರಿನ, ನೆನಪಾಗುತ್ತದೆ. ಹಂಚಿನ ಕೆಲಸದವರಿಗೆ ಫೋನ್ ಮಾಡಿದರೆ "ಅಕ್ಕ, ಇನ್ನೂ ನಾಕ್ ಮನಿ ಕೆಲ್ಸ ಇತ್, ಆಮೇಲೆ ಕಾಂಬ" ಅನ್ನುತ್ತಾರೆ. ಅವರ ತಪ್ಪಲ್ಲ. ಇಡೀ ಊರು ಅವರನ್ನು ಒಂದೇ ತಿಂಗಳಲ್ಲಿ ಕರೆಯುತ್ತದೆ. ಅಷ್ಟರಲ್ಲಿ ಒಂದು ಸಂಜೆ ಗುಡುಗು ಮಳೆ ಬಂದುಬಿಡುತ್ತದೆ. ಮರ ಒದ್ದೆ, ಗೋಡೆ ಒದ್ದೆ. ಆಮೇಲೆ ಮಾಡಿದ್ದೆಲ್ಲ ತೇಪೆ ಕೆಲಸವೇ.

ನಾನು ಹೇಳುವುದು ಬೇರೆ. ಮನೆಯನ್ನು ನೋಡುವ ಕಾಲ ಜುಲೈ. ಕೆಲಸ ಮಾಡಿಸುವ ಕಾಲ ಡಿಸೆಂಬರ್, ಜನವರಿ. ಮೇ ತಿಂಗಳಿಗೆ ಗುಡಿಸುವುದು, ತೊಳೆಯುವುದು, ಮುಚ್ಚುವುದು ಇಷ್ಟೇ ಉಳಿದಿರಬೇಕು. ಇದನ್ನು ನನಗೆ ಕಲಿಸಿದ್ದು ನಮ್ಮ ಮಾವ. ಅವರಿಗೀಗ ಏಣಿ ಹತ್ತಲಿಕ್ಕೆ ಆಗುವುದಿಲ್ಲ. ಆದರೆ ಜೋರು ಮಳೆ ಹೊಡೆಯುವಾಗ ಜಗಲಿಯಲ್ಲಿ ಕೂತು, "ಪಡುಬದಿ ಕೋಣೆ ನೋಡಿದೆಯಾ?" ಅಂತ ಈಗಲೂ ಕೇಳುತ್ತಾರೆ.

ನಮ್ಮ ಮನೆ ಕೋಟದ ಹತ್ತಿರ. ಹೆದ್ದಾರಿಗೂ ಸಮುದ್ರಕ್ಕೂ ನಡುವೆ, ರಾತ್ರಿ ಅಲೆಯ ಸದ್ದು ಕೇಳುವಷ್ಟು ಹತ್ತಿರ. ಎದುರಿನ ಭಾಗ ಹಳೆಯದು, ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಹಿಂದೆ ಅಡುಗೆಮನೆ, ಬಚ್ಚಲು ಇರುವ ಭಾಗ ತೊಂಬತ್ತರ ದಶಕದಲ್ಲಿ ಕಟ್ಟಿದ ಆರ್‌ಸಿಸಿ. ಹಾಗಾಗಿ ಎರಡು ತರದ ಮನೆಯ ತಾಪತ್ರಯವೂ ಒಂದೇ ಸೂರಿನಡಿ ಸಿಗುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಬೆಂಗಳೂರಿಗೆ ಬೀಳುವುದು ಹೆಚ್ಚುಕಮ್ಮಿ ಸಾವಿರ. ನಮ್ಮದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಜತೆಗೆ ಉಪ್ಪು ಗಾಳಿ. ಇದು ಮಳೆಗಾಲಕ್ಕೆ ಮಾತ್ರ ಬರುವುದಲ್ಲ, ವರ್ಷ ಪೂರ್ತಿ ಇರುತ್ತದೆ.

ಮೊದಲು ಮಾಡಿನ ವಿಷಯ. ಸೋರುವ ಹಂಚನ್ನು ಮೇ ತಿಂಗಳಲ್ಲಿ ಹೇಗೆ ಹುಡುಕುತ್ತೀರಿ? ಒಡೆದದ್ದು ಕಣ್ಣಿಗೆ ಕಾಣುತ್ತದೆ, ಸರಿ. ಆದರೆ ಅರ್ಧ ಇಂಚು ಜಾರಿದ ಹಂಚು, ಕೂದಲೆಳೆಯಷ್ಟು ಬಿರುಕು ಬಿಟ್ಟ ಹಂಚು ಒಣಗಿದಾಗ ಚೆನ್ನಾಗೇ ಇದ್ದ ಹಾಗೆ ಕಾಣುತ್ತದೆ. ಅದನ್ನು ತೋರಿಸಿಕೊಡುವುದು ಮಳೆಯೇ. ಜುಲೈಯಲ್ಲಿ ಒಳ್ಳೆ ಮಳೆ ಬರುವಾಗ ಟಾರ್ಚ್ ಹಿಡಿದು ಅಟ್ಟ ಹತ್ತಬೇಕು. ನೆಲದ ಮೇಲೆ ನೀರು ಬಿದ್ದ ಜಾಗದ ನೇರ ಮೇಲೆ ತೂತು ಇರುತ್ತದೆ ಅಂತ ತಿಳಿಯಬೇಡಿ. ನಮ್ಮ ದೇವರ ಕೋಣೆಯಲ್ಲಿ ದೀಪದ ಪಕ್ಕಕ್ಕೇ ಹನಿ ಬೀಳುತ್ತಿತ್ತು. ಅಟ್ಟಕ್ಕೆ ಹೋಗಿ ನೋಡಿದರೆ ಅದರ ಮೇಲಿನ ಹಂಚುಗಳೆಲ್ಲ ಒಣ ಒಣ. ಟಾರ್ಚನ್ನು ಪಕಾಸಿಗೆ, ಅಂದರೆ ಮಾಡಿನ ಇಳಿಜಾರು ಮರಕ್ಕೆ, ಒತ್ತಿ ಅಡ್ಡಕ್ಕೆ ಬೆಳಕು ಬಿಟ್ಟಾಗ ಮರದ ಅಡಿಯಂಚಿನಲ್ಲಿ ಸಣ್ಣ ಗೆರೆಯ ಹಾಗೆ ನೀರು ಹೊಳೆಯಿತು. ಅದನ್ನೇ ಹಿಡಿದುಕೊಂಡು ಮೇಲೆ ಮೇಲೆ ಹೋದರೆ, ಎಷ್ಟೋ ದೂರದಲ್ಲಿ ಎರಡು ಹಂಚು ಕೂಡುವ ಕಡೆ ಮಾವಿನೆಲೆಯ ತುಂಡೊಂದು ಸಿಕ್ಕಿಕೊಂಡಿತ್ತು. ಅಲ್ಲಿ ನೀರು ಕಟ್ಟಿ, ಹಂಚಿನ ತುಟಿ ದಾಟಿ, ಹಂಚು ಕೂರುವ ಅಡ್ಡಪಟ್ಟಿಯಾದ ರೀಪಿನಿಂದ ಪಕಾಸಿಗೆ ಇಳಿದು, ಪಕಾಸಿನ ಗುಂಟ ಓಡಿ, ಒಂದು ಗಂಟು ಸಿಕ್ಕಿದ ಕಡೆ ಕೆಳಗೆ ಬೀಳುತ್ತಿತ್ತು.

ಇಂಥ ಜಾಗ ಸಿಕ್ಕ ಕೂಡಲೇ ಪಕಾಸಿನ ಮೇಲೆ ಇದ್ದಿಲಿನಲ್ಲಿ ಗುರುತು ಹಾಕಬೇಕು. ಸೀಮೆಸುಣ್ಣ ಆಗುವುದಿಲ್ಲ, ಆ ತೇವಕ್ಕೆ ಅಳಿಸಿ ಹೋಗುತ್ತದೆ. ತಾತ್ಕಾಲಿಕಕ್ಕೆ ಹಂಚನ್ನು ಒಳಗಿನಿಂದಲೇ ಸ್ವಲ್ಪ ಎತ್ತಿ ಸರಿ ಮಾಡಬಹುದು. ಮಂಗಳೂರು ಹಂಚಿನ ದೊಡ್ಡ ಗುಣ ಅದು. ಹಿಂಬದಿಯ ಮೂಗು ರೀಪಿಗೆ ಸಿಕ್ಕಿಸಿ ಕೂತಿರುತ್ತದೆ, ಮೊಳೆ ಇಲ್ಲ, ಗಾರೆ ಇಲ್ಲ. ಒಂದು ಹಾಳಾದರೆ ಒಂದನ್ನೇ ತೆಗೆದು ಬೇರೆ ಇಡಬಹುದು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಕರಾವಳಿಯ ಉದ್ದಕ್ಕೂ ಇದೇ ಹಂಚು ಬಂತು. ಇಷ್ಟು ಮಳೆಯ ಊರಿಗೆ ಇದಕ್ಕಿಂತ ಸುಲಭವಾಗಿ ರಿಪೇರಿ ಮಾಡಬಹುದಾದ ಮಾಡು ಇನ್ನೊಂದಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಒಂದು ಎಚ್ಚರಿಕೆ. ಎಲ್ಲ ಕಾರ್ಖಾನೆಯ ಹಂಚೂ ಒಂದೇ ಅಳತೆ ಅಲ್ಲ. ಹಂಚನ್ನು ಮಗುಚಿ ನೋಡಿ, ಹಿಂದೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬೇರೆ ಕಾರ್ಖಾನೆಯದನ್ನು ನಡುವೆ ತುರುಕಿದರೆ ತೋಡಿಗೆ ತೋಡು ಕೂರುವುದಿಲ್ಲ, ಹೊಸದಾಗಿ ಸೋರಲು ಶುರುವಾಗುತ್ತದೆ. ಮಂಗಳೂರು ಕುಂದಾಪುರ ಕಡೆಯ ಕಾರ್ಖಾನೆಗಳು ಎಷ್ಟೋ ಮುಚ್ಚಿವೆ. ಹಾಗಾಗಿ ಅಕ್ಕಪಕ್ಕದಲ್ಲಿ ಯಾರಾದರೂ ಹಳೆ ಮನೆ ಕೆಡವುತ್ತಾರೆ ಅಂತ ಗೊತ್ತಾದರೆ ನಾವು ಹೋಗಿ ಹೆಸರು ನೋಡಿ, ನಮ್ಮದೇ ಹಂಚಾದರೆ ತಂದು ಕೊಟ್ಟಿಗೆ ಪಕ್ಕ ನಿಲ್ಲಿಸಿ ಇಡುತ್ತೇವೆ. ಮಲಗಿಸಿ ಪೇರಿಸಬಾರದು, ಅಡಿಯದ್ದು ಒಡೆಯುತ್ತದೆ. ತಂದ ಮೇಲೆ ಒಂದೊಂದನ್ನೂ ಬೆರಳ ಗಂಟಿನಿಂದ ತಟ್ಟಿ ನೋಡಿ. ಗಟ್ಟಿ ಹಂಚು ಟಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಮಂದ ಸದ್ದು.

ಜನವರಿಯಲ್ಲಿ ಕೆಲಸದವರು ಬಂದು ಇಡೀ ಮಾಡು ಕೈಯಾಡಿಸುತ್ತಾರೆ. ಹಂಚು ಇಳಿಸಿ, ತೋಡಿನಲ್ಲಿ ಕಟ್ಟಿದ ಹಾವಸೆ (ಪಾಚಿ) ಕೆರೆದು, ರೀಪು ನೋಡಿ, ಮತ್ತೆ ಹೊದಿಸುವುದು. ಪ್ರತಿ ವರ್ಷ ಬೇಡ. ಆದರೆ ಇದ್ದಿಲಿನ ಗುರುತು ಇರುವ ಕಡೆ ಪ್ರತಿ ವರ್ಷ ಕೈ ಹಾಕಲೇಬೇಕು. ಜನವರಿಯಲ್ಲಿ ಅವರಿಗೂ ಬಿಡುವು. ಬೆಳಗ್ಗೆ ಬಂದು ನಿಧಾನಕ್ಕೆ ಮಾಡುತ್ತಾರೆ. ತೆಗೆದ ಮರ ಒಂದು ವಾರ ಬಿಸಿಲು ಕಂಡರೂ ಯಾರಿಗೂ ಆತಂಕ ಇಲ್ಲ.

ಹಂಚು ಇಳಿಸಿದಾಗ ನಾನು ಮೊದಲು ನೋಡುವುದು ಪಕಾಸಿನ ತುದಿ. ಗೋಡೆಯೊಳಗೆ ಕೂತ ಆ ಗೇಣುದ್ದದ ಮರಕ್ಕೆ ಗಾಳಿ ಆಡುವುದಿಲ್ಲ. ಒರಲೆ, ಅಂದರೆ ಗೆದ್ದಲು, ಬರುವುದೇ ಅಲ್ಲಿಂದ. ಗೋಡೆಯ ಮೇಲೆ ಸುತಳಿ ದಪ್ಪದ ಮಣ್ಣಿನ ಗೆರೆ ಕಂಡರೆ ಕೂಡಲೇ ಒರೆಸಿ ಹಾಕಬೇಡಿ. ಅದು ಎಲ್ಲಿಂದ ಹೊರಟು ಎಲ್ಲಿ ಮುಟ್ಟುತ್ತದೆ ನೋಡಿ, ಆಮೇಲೆ ಒರೆಸಿ. ಮೊದಲ ಮಳೆಗೆ ರೆಕ್ಕೆ ಹುಳ ಮನೆಯೊಳಗಿನ ಸಂದಿನಿಂದಲೇ ಎದ್ದರೆ ಗೂಡು ಒಳಗೇ ಇದೆ ಅಂತ ಅರ್ಥ. ಆಗ ಗೆದ್ದಲಿಗೆ ಮದ್ದು ಹೊಡೆಯುವವರನ್ನು ಕರೆಸುವುದೇ ಸರಿ. ಬಾಕಿ ಮರಕ್ಕೆ ನಾವು ಗೇರೆಣ್ಣೆ ಬಳಿಯುತ್ತೇವೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಅದು. ಹಿಂದೆ ದೋಣಿಗಳಿಗೂ ಇದನ್ನೇ ಬಳಿಯುತ್ತಿದ್ದರು. ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸ್ ಇಲ್ಲದೆ ಯಾರಿಗೂ ಮುಟ್ಟಲು ಬಿಡಬೇಡಿ.

ಮರದ ವಿಷಯಕ್ಕೆ ಬಂದರೆ ಹೊಗೆಯ ಬಗ್ಗೆ ಹೇಳಲೇಬೇಕು. ಹಳೆ ಮನೆಗಳಲ್ಲಿ ಒಲೆಯ ಹೊಗೆ ಅಟ್ಟಕ್ಕೆ ಏರಿ ಹಂಚಿನ ಸಂದಿನಲ್ಲಿ ಹೊರಗೆ ಹೋಗುತ್ತಿತ್ತು. ಪಕಾಸು ರೀಪು ಎಲ್ಲ ಕರ್ರಗೆ ಮಸಿ ಹಿಡಿದು ಹೊಳೆಯುತ್ತಿದ್ದವು. ಆ ಬಿಸಿ, ಆ ಹೊಗೆ ಎರಡೂ ಮರಕ್ಕೆ ಮದ್ದು. ಮಳೆಗಾಲ ಪೂರ್ತಿ ಮೇಲ್ಭಾಗ ಒಣಗಿರುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಈಗ ಎಲ್ಲರಿಗೂ ಗ್ಯಾಸ್. ಒಳ್ಳೆಯದೇ ಆಯಿತು, ಹೆಂಗಸರ ಕಣ್ಣು ಶ್ವಾಸಕೋಶ ಉಳಿಯಿತು. ಅಡುಗೆಗೆ ಸೌದೆ ಒಲೆ ವಾಪಸ್ ಬರಲಿ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಬಚ್ಚಲ ಒಲೆಯನ್ನು ನಾವು ತೆಗೆಸಲಿಲ್ಲ. ಗೀಸರ್ ಇದ್ದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ತೆಂಗಿನ ಸಿಪ್ಪೆ, ಸೋಗೆ, ಕರಟ ಹಾಕಿ ಅದರಲ್ಲೇ ಸ್ನಾನದ ನೀರು ಕಾಯಿಸುತ್ತೇವೆ. ಒದ್ದೆ ಬಟ್ಟೆ ಅದರ ಮೇಲಿನ ಹಗ್ಗದಲ್ಲಿ ಒಣಗುತ್ತದೆ. ಆ ಮೂಲೆಯ ಮರಕ್ಕೆ ಇವತ್ತಿನವರೆಗೂ ಹುಳ ಬಿದ್ದಿಲ್ಲ.

ಇನ್ನು ಗೋಡೆ. ಇಲ್ಲಿ ನನಗೂ ಪೇಂಟ್ ಅಂಗಡಿಯವರಿಗೂ ಯಾವಾಗಲೂ ಚರ್ಚೆ. ಅವರು ಹೇಳುವುದು, ವಾಟರ್‌ಪ್ರೂಫ್ ಪೇಂಟ್ ಹೊಡೆಸಿ, ನೀರು ಒಳಗೆ ಬರುವುದೇ ಇಲ್ಲ. ಸಿಮೆಂಟಿನ ಹೊಸ ಗೋಡೆಯ ಹೊರಮೈಗೆ ಅದು ಸರಿ ಇರಬಹುದು. ಕೆಂಪುಕಲ್ಲಿನ ಹಳೆ ಗೋಡೆಗೆ ಸರಿಯಲ್ಲ. ಕೆಂಪುಕಲ್ಲು ತುಂಬಾ ತೂತಿನ ಕಲ್ಲು. ನೆಲದ ನೀರನ್ನು ಎಳೆದುಕೊಳ್ಳುತ್ತದೆ, ಗಾಳಿಗೆ ಬಿಟ್ಟುಕೊಡುತ್ತದೆ. ನೀರು ಬರುವುದು ಪೇಂಟ್ ಹೊಡೆದ ಮೈಯಿಂದ ಅಲ್ಲ, ಅಡಿಪಾಯದಿಂದ. ಹೊರಗೂ ಒಳಗೂ ಪದರ ಎಳೆದು ಬಾಗಿಲು ಹಾಕಿಬಿಟ್ಟರೆ ಒಳಗಿದ್ದ ನೀರು ಎಲ್ಲಿ ಹೋಗಬೇಕು? ಪೇಂಟನ್ನೇ ತಳ್ಳಿಕೊಂಡು ಬರುತ್ತದೆ. ನಮ್ಮ ಬಡಗು ಕೋಣೆಗೆ ಬಹಳ ಹಿಂದೆ ಯಾರೋ ಪುಟ್ಟಿ ಹಚ್ಚಿ ಎಮಲ್ಷನ್ ಹೊಡೆಸಿದ್ದರು. ಪ್ರತಿ ಆಗಸ್ಟ್‌ನಲ್ಲಿ ಮೊಣಕಾಲೆತ್ತರಕ್ಕೆ ಗುಳ್ಳೆ ಏಳುತ್ತಿತ್ತು. ಉಗುರಿನಿಂದ ಒತ್ತಿದರೆ ಒಡೆದು ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಕೊನೆಗೆ ಪುಟ್ಟಿ ಎಲ್ಲ ಕೆರೆಸಿ, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಹಾಗೇ ಬರಿಮೈ ಬಿಟ್ಟೆವು. ಮರುವರ್ಷ ಸುಣ್ಣ ಬಳಿದೆವು. ಈಗ ಮಳೆಗಾಲದಲ್ಲಿ ಗೋಡೆಯ ಬಣ್ಣ ಸ್ವಲ್ಪ ಮಂಕಾಗುತ್ತದೆ. ನವೆಂಬರ್ ಹೊತ್ತಿಗೆ ತಾನಾಗಿ ಬೆಳ್ಳಗಾಗುತ್ತದೆ. ಗುಳ್ಳೆ ಇಲ್ಲ.

ಸುಣ್ಣ ಅಂದರೆ ಚಿಪ್ಪುಸುಣ್ಣ ಸಿಕ್ಕರೆ ಬಹಳ ಒಳ್ಳೆಯದು. ಹೊಳೆಬದಿಯ ಚಿಪ್ಪು ಸುಟ್ಟು ಮಾಡುವ ಸುಣ್ಣ. ಈಗ ಮಾಡುವವರು ಕಮ್ಮಿ, ಹೇಳಿ ಇಡಬೇಕು. ಸುಟ್ಟ ಚಿಪ್ಪಿಗೆ ನೀರು ಹಾಕಿದರೆ ಕುದಿಯುತ್ತದೆ, ಮುಖ ಹತ್ತಿರ ತರಬೇಡಿ, ಮಕ್ಕಳನ್ನು ದೂರ ಇಡಿ. ಕಮ್ಮಿ ಅಂದರೂ ಒಂದು ರಾತ್ರಿ ನೆನೆಯಬೇಕು, ಜಾಸ್ತಿ ದಿನ ನೆನೆದಷ್ಟೂ ನುಣುಪು. ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಉಪ್ಪು, ಚಿಟಿಕೆ ನೀಲಿ ಹಾಕಿ ತೆಳ್ಳಗೆ ಕಲಸಿ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಮೂರು ಸಲ ಬಳಿಯುವುದು ಲೇಸು. ಬಳಿಯುವ ಮೊದಲು ಗೋಡೆಗೆ ನೀರು ಚಿಮುಕಿಸಲೇಬೇಕು, ಇಲ್ಲದಿದ್ದರೆ ಕೈಗೆ ಹತ್ತುತ್ತದೆ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಎಳೆದುಕೊಂಡು ಕಲ್ಲಾಗುತ್ತದೆ. ಕ್ಷಾರ ಜಾಸ್ತಿ ಇರುವುದರಿಂದ ಹೊಸತರಲ್ಲಿ ಬೂಸರು ಅದರ ಮೇಲೆ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು, ನಿಜ. ಆದರೆ ಅದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ, ಖರ್ಚೂ ಕಡಿಮೆ.

ಗೋಡೆಗೆ ತೇವ ಏರಲು ಇನ್ನೊಂದು ಕಾರಣ ಅಂಗಳ. ಈಗ ಎಲ್ಲ ಕಡೆ ಒಂದಕ್ಕೊಂದು ಕೂರುವ ಸಿಮೆಂಟ್ ಕಲ್ಲು, ಇಂಟರ್‌ಲಾಕ್, ಹಾಕಿಸುತ್ತಾರೆ. ನೋಡಲು ಚಂದ, ಕೆಸರಿಲ್ಲ, ಅಡಿಕೆ ಒಣಗಿಸಬಹುದು. ಆದರೆ ಹಳೆ ಅಂಗಳದ ಮೇಲೇ ಜಲ್ಲಿಪುಡಿ ಹರಡಿ ಇಂಟರ್‌ಲಾಕ್ ಕೂರಿಸಿದರೆ ಅಂಗಳದ ಮಟ್ಟ ಏರುತ್ತದೆ, ಮನೆಯ ಮಟ್ಟ ಹಾಗೇ ಇರುತ್ತದೆ. ಮಾಡಿನ ನೀರು ಬಿದ್ದು ಸಿಡಿಯುವುದು ಆಗ ಸೀದಾ ಗೋಡೆಗೆ. ಹಾಕಿಸುವುದಾದರೆ ಮೊದಲು ಮಣ್ಣು ತೆಗೆಸಿ, ಇಳಿಜಾರು ಮನೆಯಿಂದ ಹೊರಕ್ಕೆ ಇರಲಿ. ಗೋಡೆಯಿಂದ ಮಾಡಿನ ನೀರು ಬೀಳುವ ಗೆರೆಯವರೆಗೆ ಬರೀ ಜಲ್ಲಿ ಬಿಡಿ. ನೀರು ಜಲ್ಲಿಯ ಮೇಲೆ ಬಿದ್ದರೆ ಅಷ್ಟು ಸಿಡಿಯುವುದಿಲ್ಲ. ಇಂಟರ್‌ಲಾಕ್ ಕೆಲಸಕ್ಕೆ ಬಂದ ಮೇಸ್ತ್ರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಹಗ್ಗ ಕಟ್ಟಿ ತೋರಿಸಬೇಕು.

ಪಡುಗೋಡೆಗೆ ಹಿಂದೆ ಮಳೆಗಾಲಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ನೈಋತ್ಯದ ಗಾಳಿ ಮಳೆಯನ್ನು ಅಡ್ಡ ಹೊಡೆಯುವುದು ಆ ಗೋಡೆಗೇ. ಈಗ ಎಲ್ಲರೂ ಪ್ಲಾಸ್ಟಿಕ್ ಕಟ್ಟುತ್ತಾರೆ, ನಾವೂ ಕಟ್ಟುತ್ತೇವೆ. ಆದರೆ ಗೋಡೆಗೆ ಅಂಟಿಸಿದ ಹಾಗೆ ಕಟ್ಟಬಾರದು. ಬಿದಿರು ಇಟ್ಟು ಒಂದು ಅಡಿ ಬಿಟ್ಟು ಕಟ್ಟಿ, ಮೇಲೂ ಕೆಳಗೂ ಗಾಳಿ ಆಡಲಿ.

ಇನ್ನು ಆರ್‌ಸಿಸಿ ಭಾಗ. ಕರಾವಳಿಯಲ್ಲಿ ಸ್ಲ್ಯಾಬ್ ಮನೆಗಳ ಮೇಲೆ ಈಗ ಶೀಟಿನ ಮಾಡು ಇಲ್ಲದ್ದು ಅಪರೂಪ. ಟೆರೇಸ್ ಮಾಡಿ, ಸೋರಿದ ಮೇಲೆ ಅದರ ಮೇಲೆ ಇನ್ನೊಂದು ಮಾಡು. ನಾವೂ ಹಾಕಿಸಿದ್ದೇವೆ, ಅದರಿಂದ ನೆಮ್ಮದಿ ಸಿಕ್ಕಿದೆ. ಆದರೆ ಸ್ಲ್ಯಾಬಿನ ನಿಜವಾದ ಶತ್ರು ಮೇಲಿಂದ ಬೀಳುವ ಮಳೆ ಮಾತ್ರ ಅಲ್ಲ, ಉಪ್ಪು. ಉಪ್ಪಿನ ಅಂಶ ಕಾಂಕ್ರೀಟಿನ ಒಳಗೆ ಇಳಿದು ಕಬ್ಬಿಣದ ಸರಳಿಗೆ ಮುಟ್ಟಿತು ಅಂದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಹಾಗಾಗಿ ಉಬ್ಬಿ, ಕಾಂಕ್ರೀಟನ್ನು ಕೆಳಗೆ ಒದೆಯುತ್ತದೆ. ಹಾಸಿಗೆ ಮೇಲೆ, ಒಲೆ ಮೇಲೆ ಚಕ್ಕೆ ಉದುರುವುದು ಇದೇ ಕಾರಣಕ್ಕೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲಿ ಸೌಮ್ಯ ಹವೆಗೆ ಸರಳಿನ ಮೇಲೆ 20 ಮಿಲಿಮೀಟರ್ ಕಾಂಕ್ರೀಟ್ ಸಾಕು, ತೀವ್ರ ಅಂತ ಹೇಳುವ ಹವೆಗೆ 45 ಬೇಕು. ಕಟ್ಟುವಾಗ ಮೇಸ್ತ್ರಿ ಸರಳಿನ ಅಡಿ ಸರಿಯಾದ ಕವರ್ ಬ್ಲಾಕ್ (ಸರಳನ್ನು ಎತ್ತಿ ಹಿಡಿಯುವ ಸಣ್ಣ ತುಂಡು) ಇಟ್ಟಿದ್ದಾರಾ ಅಂತ ನೋಡುವವರು ಎಷ್ಟು ಜನ? ಉಪ್ಪು ನೀರಿನ ಬಾವಿಯಿಂದಲೇ ಕಾಂಕ್ರೀಟ್ ಕಲಸಿದರೆ ಇನ್ನೂ ಕಷ್ಟ, ಉಪ್ಪನ್ನು ನಾವೇ ಒಳಗೆ ಹಾಕಿದ ಹಾಗೆ. ಹೊಸ ಮನೆ ಕಟ್ಟುವವರು ದಯವಿಟ್ಟು ಈ ಎರಡು ವಿಷಯದಲ್ಲಿ ರಾಜಿ ಆಗಬೇಡಿ.

ಕಟ್ಟಿ ಆದ ಮನೆಯಲ್ಲಿ ನೋಡಬೇಕಾದ್ದು ಸೀಲಿಂಗ್‌ನ ನೇರ ಗೆರೆ. ಅಡ್ಡಾದಿಡ್ಡಿ ಸಣ್ಣ ಬಿರುಕು ಹೆಚ್ಚಾಗಿ ಗಾರೆಯದು. ರೂಲು ಇಟ್ಟು ಎಳೆದ ಹಾಗೆ ನೇರ ಬಿರುಕು, ಅದರ ಗುಂಟ ಕಂದು ಕಲೆ ಇದ್ದರೆ ಒಳಗೆ ಸರಳು ತುಕ್ಕು ಹಿಡಿದಿದೆ. ಸುಮ್ನೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಸಿದರೆ ಅದು ಒಂದೆರಡು ಮಳೆಗಾಲಕ್ಕೆ ಮತ್ತೆ ಉದುರುತ್ತದೆ. ಸಡಿಲ ಕಾಂಕ್ರೀಟ್ ಪೂರ್ತಿ ಒಡೆದು, ಸರಳಿನ ಹಿಂಬದಿಯೂ ಕಾಣುವಷ್ಟು ಬಿಡಿಸಿ, ತಂತಿ ಬ್ರಷ್‌ನಲ್ಲಿ ಹೊಳೆಯುವ ತನಕ ಉಜ್ಜಿ, ತುಕ್ಕು ನಿರೋಧಕ ಹಚ್ಚಿ, ಪಾಲಿಮರ್ ಸೇರಿಸಿದ ಗಾರೆ ತುಂಬಬೇಕು. ಸರಳು ತೆಳ್ಳಗಾಗಿದ್ದರೆ ಎಂಜಿನಿಯರ್ ನೋಡದೆ ಮುಂದಕ್ಕೆ ಹೋಗಬೇಡಿ. ಇದೂ ಬೇಸಿಗೆ ಬರುವ ಮೊದಲಿನ ಕೆಲಸವೇ.

ಕಬ್ಬಿಣದ ಸಾಮಾನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಿಟಕಿ ಸರಳು, ಗೇಟು ಇವುಗಳಿಗೆ ತುಕ್ಕಿನ ಮೇಲೇ ಬಣ್ಣ ಬಳಿದರೆ ದಂಡ. ಉಜ್ಜಿ, ಸಿಹಿನೀರಲ್ಲಿ ಉಪ್ಪು ತೊಳೆದು, ಒಣಗಿದ ದಿನವೇ ಪ್ರೈಮರ್ ಹಚ್ಚಬೇಕು. ಬೀಗ, ತಿರುಗಣೆಗೆ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಆಮೇಲೆ ಅಂಟಾಗಿ ಧೂಳು ಹಿಡಿಯುತ್ತದೆ. ಸ್ಟೀಲ್ ಅಂತ ಕೊಟ್ಟ ಮೊಳೆ, ಬಿಜಾಗರಿ ಕೂಡ ಕಂದು ಚುಕ್ಕೆ ಬರುತ್ತವೆ, ಅವು ಹೆಚ್ಚಾಗಿ 304 ದರ್ಜೆಯವು. ಸಮುದ್ರದ ಹತ್ತಿರ 316 ಕೇಳಿ. ಅದರಲ್ಲಿ ಎರಡು ಮೂರು ಶೇಕಡಾ ಮಾಲಿಬ್ಡಿನಂ ಇರುತ್ತದೆ, ಉಪ್ಪನ್ನು ತಡೆಯುತ್ತದೆ. ರೇಟ್ ಜಾಸ್ತಿ, ಹೊರಬಾಗಿಲಿಗೆ ಮಾತ್ರ ಹಾಕಿದರೂ ಸಾಕು. ಒಳಗೆ ಹಿತ್ತಾಳೆ ಚೆನ್ನಾಗಿ ಬಾಳುತ್ತದೆ.

ಕರೆಂಟಿನ ವಿಷಯದಲ್ಲಿ ಮಾತ್ರ ಅಲಕ್ಷ್ಯ ಮಾಡಬೇಡಿ. ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಒಳಗೆ ತಾಮ್ರ ಹಸಿರಾಗಿರುತ್ತದೆ, ಇರುವೆ ಗೂಡು ಕಟ್ಟಿರುತ್ತದೆ. ಕರೆಂಟ್ ಸೋರಿದರೆ ತಾನಾಗಿ ಕಡಿದುಬಿಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮೇನ್ ಬೋರ್ಡಿನಲ್ಲಿ ಇರಲೇಬೇಕು. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ನಾನು ಕ್ಯಾಲೆಂಡರಿನಲ್ಲಿ ಸಂಕ್ರಮಣದ ದಿನಕ್ಕೆ ಗುರುತು ಹಾಕಿಟ್ಟಿದ್ದೇನೆ, ನೆನಪಿಗೆ ಸುಲಭ. ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಸಿಡಿಲು ಜೋರು. ಆಗ ಟಿವಿ, ಇಂಟರ್ನೆಟ್ ಡಬ್ಬಿಯ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಕಪಾಟಿನ ಬೂಸರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಜುಲೈ ಬೆಳಗ್ಗೆ ಇಲ್ಲಿ ಗಾಳಿಯ ತೇವ ಶೇಕಡಾ 90 ದಾಟುವುದು ಸಾಮಾನ್ಯ. ತೇವ 60ರ ಕೆಳಗಿದ್ದರೆ ಬೂಸರು ಹಬ್ಬುವುದಿಲ್ಲ. ಅದು ನಮ್ಮಲ್ಲಿ ಮಳೆಗಾಲದಲ್ಲಿ ಯಂತ್ರ ಇಲ್ಲದೆ ಆಗುವ ಮಾತಲ್ಲ. ಮನೆ ಪೂರ್ತಿ ಒಣಗಿಸುವ ಆಸೆ ಬಿಟ್ಟು ಒಂದು ಸಣ್ಣ ಜಾಗವನ್ನು ಒಣಗಿಸಿ ಇಟ್ಟುಕೊಳ್ಳುವುದು ಜಾಣತನ. ನಮ್ಮಲ್ಲಿ ಬಚ್ಚಲ ಒಲೆಗೆ ತಾಗಿದ ಗೋಡೆಯ ಕಪಾಟು ಆ ಜಾಗ. ರೇಷ್ಮೆ ಸೀರೆ, ಜಾಗದ ಕಾಗದ, ಮಾವನ ಯಕ್ಷಗಾನದ ಹಳೆ ಪುಸ್ತಕ ಎಲ್ಲ ಅಲ್ಲೇ. ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಹಳೆ ಪಂಚೆಯಲ್ಲಿ ಸುತ್ತಿ. ಉಳಿದ ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿಡಿ, ಪಡುಗೋಡೆಗೆ ತಾಗಿಸಲೇಬೇಡಿ. ಮಳೆ ಬಿಟ್ಟು ಬಿಸಿಲು ಇಣುಕಿದ ದಿನ ಬಾಗಿಲೆಲ್ಲ ತೆಗೆದು ಫ್ಯಾನ್ ಹಾಕಿ. ಚಪ್ಪಲಿ, ಬೆಲ್ಟು, ಚರ್ಮದ ಬ್ಯಾಗು ಕತ್ತಲೆ ಮೂಲೆಗೆ ಹೋಗಬಾರದು, ಎದುರಿಗೇ ಇರಲಿ.

ಅಂಗಳದ ಹಾವಸೆಗೆ ನಾವು ಮೊದಲು ಗಟ್ಟಿ ಹಿಡಿಸೂಡಿಯಲ್ಲಿ ಉಜ್ಜುತ್ತೇವೆ, ಆಮೇಲೆ ಬೇಕಾದರೆ ಮಾತ್ರ ಬ್ಲೀಚಿಂಗ್ ಪೌಡರ್. ಬಾವಿ ಕಟ್ಟೆಯ ಹತ್ತಿರ, ಗಿಡದ ಬುಡದಲ್ಲಿ ಹಾಕುವುದಿಲ್ಲ. ಬ್ಲೀಚಿಂಗ್ ಪೌಡರ್ ಜತೆ ಟಾಯ್ಲೆಟ್ ಆಸಿಡ್ ಯಾವ ಕಾರಣಕ್ಕೂ ಸೇರಬಾರದು. ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಬಾಗಿಲು ಹಾಕಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ. ವಯಸ್ಸಾದವರು ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸಿ, ಕಾಲು ಜಾರುವುದಿಲ್ಲ. ಮಾವ ಬಾವಿಕಟ್ಟೆಗೆ ಹೋಗುವ ದಾರಿಗೆ ನಾವು ಜೂನ್‌ನಲ್ಲೇ ಹಾಸುತ್ತೇವೆ. ಹಳೆಯದು ಕೊಳೆತಂತೆ ಮೇಲೆ ಹೊಸದು.

ಮೇ ತಿಂಗಳಿಗೆ ಉಳಿಯುವ ಕೆಲಸ ಸಣ್ಣದು. ಎರಡು ಮಾಡು ಸೇರುವ ಕಡೆ ನೀರು ಹರಿಯುವ ದಂಬೆಯಿಂದ ಎಲೆ ತೆಗೆಯುವುದು, ಪೈಪಿಗೆ ಒಂದು ಕೊಡ ನೀರು ಸುರಿದು ಹರಿಯುತ್ತದಾ ನೋಡುವುದು, ಮಾಡಿನ ಮೇಲೆ ಬಾಗಿದ ಕೊಂಬೆ ಕಡಿಸುವುದು, ತೆಂಗಿನ ಮರದ ಒಣ ಮಡಲು ಇಳಿಸುವುದು, ಸೌದೆ ಕೊಟ್ಟಿಗೆಗೆ ತುಂಬುವುದು.

ಬೀಗ ಹಾಕಿದ ಮನೆಗಳ ಬಗ್ಗೆ ನನಗೆ ಬಹಳ ಬೇಜಾರು. ನಮ್ಮ ರಸ್ತೆಯಲ್ಲೇ ಎಷ್ಟೋ ಇವೆ. ಮುಂಬೈ, ದುಬೈ, ಬೆಂಗಳೂರಲ್ಲಿ ಇರುವವರ ಮನೆಗಳು. ಜನ ಇರುವ ಮನೆಗಿಂತ ಜನ ಇಲ್ಲದ ಮನೆ ಇಲ್ಲಿ ಬೇಗ ಹಾಳಾಗುತ್ತದೆ. ಒಂದು ಹಂಚು ಜಾರಿದ್ದು ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ತಿಂಗಳು ಅದೇ ಪಕಾಸಿನ ಮೇಲೆ ನೀರು ಇಳಿಯುತ್ತದೆ. ಮುಂದಿನ ವರ್ಷ ಪಕಾಸು ಬಾಗುತ್ತದೆ, ಅದರ ಜತೆ ಒಂದು ಸಾಲು ಹಂಚು. ಒಂದು ಹಂಚಿನ ಕೆಲಸ ಇಡೀ ಮಾಡಿನ ಕೆಲಸ ಆಗುವುದು ಹೀಗೆ. ನೀವು ಹೊರಗಿದ್ದರೆ ಊರಲ್ಲಿ ಒಬ್ಬರಿಗೆ ಕೀ ಕೊಡಿ, ಸುಮ್ನೆ ಉಪಕಾರಕ್ಕೆ ಅಂತ ಅಲ್ಲ, ತಿಂಗಳು ತಿಂಗಳು ದುಡ್ಡು ಕೊಟ್ಟು. ವಾರಕ್ಕೊಮ್ಮೆ ಬಾಗಿಲು ಕಿಟಕಿ ತೆಗೆಯಬೇಕು, ಫ್ಯಾನ್ ಹಾಕಬೇಕು, ಬಚ್ಚಲ ಒಲೆ ಇದ್ದರೆ ಉರಿಸಬೇಕು, ನಲ್ಲಿ ಬಿಡಬೇಕು, ಪ್ರತಿ ಕೋಣೆಯ ಸೀಲಿಂಗಿನ ಫೋಟೋ ತೆಗೆದು ಕಳಿಸಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬದ ಶುಭಾಶಯದ ನಡುವೆ ಕಳೆದುಹೋಗದ ಹಾಗೆ ಬೇರೆಯಾಗಿಯೇ ಕಳಿಸಲಿ. ಎರಡು ವಾರದ ಫೋಟೋ ಪಕ್ಕ ಪಕ್ಕ ಇಟ್ಟರೆ ಕಲೆ ದೊಡ್ಡದಾಗುತ್ತಿದೆಯಾ ಅಂತ ದುಬೈಯಲ್ಲಿ ಕೂತೇ ಗೊತ್ತಾಗುತ್ತದೆ.

ಪಕ್ಕದ ಮನೆಯವರ ಕೀ ನಮ್ಮಲ್ಲಿದೆ. ಕಳೆದ ಮಳೆಗಾಲದಲ್ಲಿ ಮಂಗಗಳ ಹಿಂಡು ಅವರ ಮಾಡಿನ ಮೇಲೆ ಓಡಾಡಿ, ಮಲಗುವ ಕೋಣೆಯ ಮೇಲಿನ ಹಂಚು ಎಬ್ಬಿಸಿ ಹೋಗಿದ್ದವು. ಆ ವಾರ ಬಾಗಿಲು ತೆಗೆದಾಗಲೇ ಕಂಡಿತು. ನನ್ನ ಗಂಡ ಒಳಗಿನಿಂದಲೇ ಏಣಿ ಇಟ್ಟು ಹಂಚು ಸರಿ ಮಾಡಿದರು. ಒಂದು ಹಾಸಿಗೆ ನಮ್ಮ ಬಚ್ಚಲ ಒಲೆಯ ಪಕ್ಕ ಒಣಗಿಸಬೇಕಾಯಿತು, ಅಷ್ಟೇ.